ಕಾಲಡಿಯ ಮಣ್ಣೇ ಮೊದಲ ಬಣ್ಣ

'ನನಗೆ ಚಿತ್ರ ಬರೆಯಲು ಬರುವುದಿಲ್ಲ' ಎಂದು ಹೇಳದವರು ನಮ್ಮಲ್ಲಿ ವಿರಳ. ಹೀಗೆ ಹೇಳುವವರೆಲ್ಲ ಒಂದು ಕಾಲಕ್ಕೆ ಮನೆಯ ಗೋಡೆಯ ಮೇಲೆ ಇದ್ದಿಲಿನಿಂದ ಎತ್ತು, ಬಂಡಿ, ಸೂರ್ಯ ಎಲ್ಲವನ್ನೂ ಗೀಚಿ ಬೈಸಿಕೊಂಡವರೇ. ಐದಾರನೆಯ ತರಗತಿಗೆ ಬರುವಷ್ಟರಲ್ಲಿ ಆ ಕೈ ನಿಂತುಬಿಡುತ್ತದೆ. ಗಣಿತ, ವಿಜ್ಞಾನದ ಪಾಠ ಉಳಿದಿದ್ದರೆ ಮೊದಲು ಹೋಗುವುದು ಡ್ರಾಯಿಂಗ್ ಪಿರಿಯಡ್. ಹಾಗೆ ನಿಂತ ಕೈ ಮುಂದೆ ನಲವತ್ತು ವರ್ಷ ನಿಂತೇ ಇರುತ್ತದೆ. ನೌಕರಿ, ಮಕ್ಕಳ ಓದು, ಮದುವೆ ಎಲ್ಲ ಮುಗಿದು ಸಂಜೆಗಳು ಬರಿದಾದಾಗ ಏನು ಮಾಡಬೇಕೆಂದು ತೋಚುವುದಿಲ್ಲ.

ಕಪ್ಪುಹಲಗೆಯ ಮೇಲೆ ಹೃದಯ, ಹೂವು, ಕಣ್ಣಿನ ಚಿತ್ರಗಳನ್ನು ವರ್ಷಗಟ್ಟಲೆ ಬರೆಯುತ್ತ ಬಂದ ವಿಜ್ಞಾನ ಶಿಕ್ಷಕನಾಗಿ ನಾನು ಕಂಡುಕೊಂಡದ್ದು ಇಷ್ಟು: ಚಿತ್ರ ಬರೆಯುವುದು ಕೈಗೆ ಸಿಕ್ಕ ವರವಲ್ಲ, ಕಣ್ಣಿಗೆ ಕೊಡುವ ಅಭ್ಯಾಸ. ಅಭ್ಯಾಸಕ್ಕೆ ವಯಸ್ಸಿನ ಹಂಗಿಲ್ಲ.

ಕೈಯಲ್ಲ, ಕಣ್ಣು

ಕನ್ನಡದಲ್ಲಿ ನಾವು ಅಕ್ಷರವನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. 'ಋ', 'ಳ', 'ಝ' ಅಕ್ಷರಗಳ ಸುರುಳಿ, ಕೊಂಬು, ಒತ್ತುಗಳನ್ನು ಯೋಚಿಸದೆಯೇ ತಿರುವುವ ಕೈಗೆ ಒಂದು ಮಾವಿನಹಣ್ಣಿನ ಅಂಚನ್ನು ಎಳೆಯುವುದು ಕಷ್ಟವಲ್ಲ. ಕೈ ಸಿದ್ಧವಾಗಿಯೇ ಇದೆ. ಸಿದ್ಧವಾಗಬೇಕಾದದ್ದು ಕಣ್ಣು.

ಒಂದು ಪರೀಕ್ಷೆ ಮಾಡಿ ನೋಡಿ. ಬೇವಿನ ಎಲೆಯೊಂದನ್ನು ಬರೀ ನೆನಪಿನಿಂದ ಬರೆಯಿರಿ. ಬಹುತೇಕರು ನಡುವೆ ನೆಟ್ಟಗಿನ ನರ, ಎರಡೂ ಬದಿಗೆ ಸಮನಾದ ಅಂಚು ಬರೆಯುತ್ತಾರೆ. ಈಗ ಮರದಿಂದ ಒಂದು ಎಲೆ ಕಿತ್ತು ಮುಂದಿಟ್ಟುಕೊಳ್ಳಿ. ಅದು ಕುಡುಗೋಲಿನಂತೆ ಬಾಗಿದೆ. ಅಂಚಿನಲ್ಲಿ ಗರಗಸದ ಹಲ್ಲುಗಳಿವೆ. ಬುಡದಲ್ಲಿ ನರದ ಒಂದು ಬದಿ ಅಗಲ, ಇನ್ನೊಂದು ಬದಿ ಕಿರಿದು. ಪ್ರತಿ ಯುಗಾದಿಗೂ ಬೇವು ತಿಂದವರು ನಾವು, ಆದರೂ ಅದರ ಎಲೆಯನ್ನು ನೋಡಿರಲಿಲ್ಲ! ಎರಡನೆಯ ಸಲ ಎಲೆ ನೋಡಿ ಬರೆದ ಚಿತ್ರ ಮೊದಲಿನದಕ್ಕಿಂತ ಚೆನ್ನಾಗಿಯೇ ಇರುತ್ತದೆ. ಐದು ನಿಮಿಷದಲ್ಲಿ ಕೈ ಬದಲಾಗಲಿಲ್ಲ, ನೋಟ ಬದಲಾಯಿತು.

ತಡವಾಗಿ ಹಿಡಿದ ಕುಂಚಗಳು

'ಈ ವಯಸ್ಸಿನಲ್ಲೇ?' ಎಂದು ಸಂಕೋಚಪಡುವವರಿಗೆ ದೊಡ್ಡವರ ನಿದರ್ಶನಗಳಿವೆ. ರವೀಂದ್ರನಾಥ ಠಾಕೂರರು ಕವಿತೆಯ ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳನ್ನು ಗೀಚುತ್ತ ಗೀಚುತ್ತ ಅವುಗಳಲ್ಲಿ ಹಕ್ಕಿ, ಮೃಗಗಳ ಆಕಾರ ಕಂಡರು. ಅರವತ್ತು ದಾಟಿದ ಮೇಲೆ ಕುಂಚವನ್ನು ಗಂಭೀರವಾಗಿ ಹಿಡಿದ ಅವರ ಮೊದಲ ಪ್ರದರ್ಶನ 1930ರಲ್ಲಿ ಪ್ಯಾರಿಸ್ಸಿನಲ್ಲಿ ನಡೆಯಿತು. ಅವರು ಬರೆದ ಚಿತ್ರಗಳು ಎರಡು ಸಾವಿರಕ್ಕೂ ಹೆಚ್ಚು. ಸ್ವಾತಂತ್ರ್ಯ ಹೋರಾಟಗಾರ ರುಮಾಲೆ ಚನ್ನಬಸವಯ್ಯನವರು (1910–1988) ಯೌವನದಲ್ಲಿ ಕಲಿತ ಚಿತ್ರಕಲೆಯನ್ನು ಹೋರಾಟ, ರಾಜಕಾರಣಗಳ ನಡುವೆ ಬದಿಗಿಟ್ಟು, 1960ರ ದಶಕದಲ್ಲಿ ಮತ್ತೆ ಕೈಗೆತ್ತಿಕೊಂಡರು. ಬೆಂಗಳೂರಿನ ಹೂಬಿಟ್ಟ ಮರಗಳು ಇಂದಿಗೂ ಅವರ ಚಿತ್ರಗಳಲ್ಲಿ ಅರಳಿಯೇ ಇವೆ. ಇಂಗ್ಲೆಂಡಿನ ಚರ್ಚಿಲ್ ಮೊದಲ ಸಲ ಬಣ್ಣ ಮುಟ್ಟಿದ್ದು ನಲವತ್ತನೆಯ ವಯಸ್ಸಿನಲ್ಲಿ, 1915ರಲ್ಲಿ, ಯುದ್ಧದ ಸೋಲಿನಿಂದ ಮಂತ್ರಿಪದವಿ ಕಳೆದುಕೊಂಡು ಮನಸ್ಸು ಕುಸಿದಿದ್ದಾಗ.

ಅದೇ 1915ರಲ್ಲಿಯೇ ನಮ್ಮ ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರನ್ನು ಸ್ಪಷ್ಟವಾಗಿ ಹೇಳುವ ಶಾಸನ ಬೆಳಕಿಗೆ ಬಂದದ್ದು. ಶಾಸನದಿಂದಾಗಿ ಮಸ್ಕಿಯನ್ನು ಎಲ್ಲರೂ ಬಲ್ಲರು. ಆದರೆ ನಮ್ಮ ಸೀಮೆಯ ಬಂಡೆಗಳಲ್ಲಿ ಅಕ್ಷರಗಳಿಗಿಂತ ಬಹು ಹಿಂದಿನ ಚಿತ್ರಗಳೂ ಇವೆ. ಲಿಂಗಸುಗೂರು ತಾಲ್ಲೂಕಿನ ಮುದಗಲ್ ಬಳಿಯ ಪಿಕ್ಲಿಹಾಳದ ಬಂಡೆಗಳ ಮೇಲೆ ನವಶಿಲಾಯುಗದ ದನಗಾಹಿಗಳ ಕಾಲದಿಂದ ಜನ ಗೂಳಿಗಳನ್ನು ಬರೆದಿದ್ದಾರೆ, ಕುಟ್ಟಿ ಮೂಡಿಸಿದ್ದಾರೆ. ಪುರಾತತ್ವಜ್ಞ ಆಲ್ಚಿನ್ ಅಲ್ಲಿ ನಡೆಸಿದ ಉತ್ಖನನದ ವರದಿ 1960ರಲ್ಲಿ ಪ್ರಕಟವಾಯಿತು. ಗಂಗಾವತಿ ಬಳಿಯ ಹಿರೇಬೆಣಕಲ್ಲಿನ ಕಲ್ಲಾಸರೆಗಳಲ್ಲೂ ಕೆಂಪು ಚಿತ್ರಗಳಿವೆ. ಅವನ್ನು ಬರೆದವರಿಗೆ ಅಂಗಡಿ ಇರಲಿಲ್ಲ, ಡ್ರಾಯಿಂಗ್ ಮಾಸ್ತರರೂ ಇರಲಿಲ್ಲ. ಇದ್ದದ್ದು ತಾವು ದಿನಾ ಮೇಯಿಸುವ ದನವನ್ನು ನೋಡಿ ನೋಡಿ ಪಳಗಿದ ಕಣ್ಣು ಮತ್ತು ಕೆಮ್ಮಣ್ಣು. (ನೋಡಲು ಹೋದವರು ದಯವಿಟ್ಟು ಆ ಬಂಡೆಗಳ ಮೇಲೆ ತಮ್ಮ ಹೆಸರು ಗೀಚಬಾರದು.)

ಮಣ್ಣಿನಿಂದ ಬಣ್ಣ

ಆ ಕೆಮ್ಮಣ್ಣು ಇಷ್ಟು ಕಾಲ ಉಳಿದದ್ದು ಹೇಗೆ? ಅದರ ಕೆಂಪು ಕಬ್ಬಿಣದ ಆಕ್ಸೈಡಿನದು, ಸರಳವಾಗಿ ಹೇಳಿದರೆ ತುಕ್ಕಿನ ಬಳಗದ್ದು. ತುಕ್ಕಾಗಿಯೇ ಇರುವುದು ಮತ್ತೆ ತುಕ್ಕು ಹಿಡಿಯುವುದಿಲ್ಲ. ಗಾಳಿಗೂ ಬಿಸಿಲಿಗೂ ಅದರಲ್ಲಿ ಕೆಡಿಸಲು ಏನೂ ಉಳಿದಿಲ್ಲ. ಅರಿಶಿನವಾದರೋ ಎಷ್ಟೇ ಚೆಂದ ಕಂಡರೂ ಬಿಸಿಲಿಗೆ ಬೇಗ ಮಂಕಾಗುತ್ತದೆ. ನಂಬಿಕೆ ಇಲ್ಲದಿದ್ದರೆ ಒಂದು ಹಾಳೆಗೆ ಎರಡನ್ನೂ ಬಳಿದು, ಅರ್ಧ ಭಾಗಕ್ಕೆ ರಟ್ಟು ಮುಚ್ಚಿ, ಹದಿನೈದು ದಿನ ಬಿಸಿಲಿಗಿಡಿ.

ಹೊಸದಾಗಿ ಕಲಿಯುವವರು ಮೊದಲ ಬಣ್ಣವನ್ನು ತಾವೇ ತಯಾರಿಸಿದರೆ ಖರ್ಚೂ ಇಲ್ಲ, ಭಯವೂ ಇರುವುದಿಲ್ಲ. ಮಸಾರಿ ಹೊಲದ ಕೆಂಪು ಮಣ್ಣನ್ನೋ, ಗೋಡೆಗೆ ಬಳಿಯುವ ಜಾಜನ್ನೋ ಪುಡಿಮಾಡಿ ನೀರಿಗೆ ಹಾಕಿ ಕಲಕಿ. ಅರ್ಧ ನಿಮಿಷದಲ್ಲಿ ಮರಳು ತಳ ಸೇರುತ್ತದೆ. ಮೇಲಿನ ಕೆಂಪು ನೀರನ್ನು ಬೇರೆ ಪಾತ್ರೆಗೆ ಬಸಿದು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ತಿಳಿನೀರು ಚೆಲ್ಲಿ, ತಳದ ನುಣುಪು ಗಸಿಯನ್ನು ನೆರಳಲ್ಲಿ ಒಣಗಿಸಿ. ಬಣ್ಣವನ್ನು ಹಾಳೆಗೆ ಹಿಡಿಸಲು ಅಂಟು ಬೇಕು. ಬಾಣಂತಿಯರ ಅಂಟಿನುಂಡಿಗೆ ಹಾಕುವ ಜಾಲಿ ಅಂಟೇ ಸಾಕು. ಒಂದು ಭಾಗ ಅಂಟನ್ನು ಎರಡು ಭಾಗ ಬಿಸಿನೀರಲ್ಲಿ ನೆನೆಹಾಕಿ ಕರಗಿಸಿ, ಬಟ್ಟೆಯಲ್ಲಿ ಸೋಸಿ. ನಾಲ್ಕು ಹನಿ ಜೇನು ಬೆರೆಸಿದರೆ ಬಣ್ಣ ಒಣಗಿ ಸೀಳುವುದಿಲ್ಲ. ಇದರಲ್ಲಿ ಮಣ್ಣಿನ ಪುಡಿಯನ್ನು ನುಣ್ಣಗೆ ಅರೆದರೆ ಜಲವರ್ಣ ಸಿದ್ಧ. ದೀಪದ ಕಾಡಿಗೆಯಿಂದ ಕಪ್ಪು ಮಾಡಿಕೊಳ್ಳಬಹುದು. ಹಳದಿ ಮಣ್ಣು ಸಿಕ್ಕರೆ ಸ್ವಲ್ಪವನ್ನು ಕಬ್ಬಿಣದ ಹಂಚಿನ ಮೇಲೆ ಚೆನ್ನಾಗಿ ಹುರಿಯಿರಿ. ಅದರೊಳಗಿನ ನೀರಿನಂಶ ಹೋಗಿ ಮಣ್ಣು ಕೆಂಪಾಗುತ್ತದೆ. ಓಕುಳಿಯ ಅಗ್ಗದ ರಾಸಾಯನಿಕ ಬಣ್ಣ ಬೇಡ. ಯಾವ ಬಣ್ಣವಾದರೂ ಸರಿ, ಕುಂಚದ ತುದಿಯನ್ನು ಬಾಯಿಗಿಡಬಾರದು.

ಮೊದಲ ತಿಂಗಳು

ಅಂಗಡಿಯಿಂದ ತರಬೇಕಾದದ್ದು ಕೆಲವೇ: 2ಬಿ ಪೆನ್ಸಿಲ್, 2, 6 ಮತ್ತು 10ನೇ ನಂಬರಿನ ದುಂಡು ಕುಂಚಗಳು, ದಪ್ಪ ಹಾಳೆ. ಒಂದು ಬಿಳಿ ಪಿಂಗಾಣಿ ತಟ್ಟೆ, ಎರಡು ಲೋಟ ನೀರು, ಹಳೆಯ ಹತ್ತಿ ಬಟ್ಟೆ ಮನೆಯಲ್ಲೇ ಇರುತ್ತವೆ.

ದಿನಕ್ಕೆ ಅರ್ಧ ಗಂಟೆ ಸಾಕು. ಮೊದಲ ವಾರ ಪೆನ್ಸಿಲ್ ಮಾತ್ರ: ಎಲೆ, ತಂಬಿಗೆ, ಚಪ್ಪಲಿ, ಬದನೆಕಾಯಿ. ಎರಡನೆಯ ವಾರ ಜಾಜು ಒಂದೇ ಬಣ್ಣ. ನೀರು ಹೆಚ್ಚಿಸಿದರೆ ತೆಳು, ಕಡಿಮೆಯಾದರೆ ಗಾಢ. ಇಷ್ಟರಲ್ಲೇ ತಂಬಿಗೆಯ ದುಂಡು, ಬೆಳಕು, ನೆರಳು ಎಲ್ಲ ಮೂಡಬೇಕು. ಜಲವರ್ಣದಲ್ಲಿ ಬಿಳಿ ಎಂದರೆ ಹಾಳೆಯೇ. ಬೆಳಕು ಬೀಳುವ ಜಾಗವನ್ನು ಮೊದಲೇ ಖಾಲಿ ಬಿಡಬೇಕು. ಮೂರನೆಯ ವಾರ ಅಂಗಡಿಯ ಹಳದಿ, ಕೆಂಪು, ನೀಲಿ ಬಣ್ಣಗಳನ್ನು ಬೆರೆಸಿ ನೋಡಿ. ಶಾಲೆಯಲ್ಲಿ ನ್ಯೂಟನ್ನನ ಬಣ್ಣದ ತಟ್ಟೆ ತಿರುಗಿದರೆ ಬೆಳ್ಳಗೆ ಕಾಣುತ್ತದೆ. ತಟ್ಟೆಯಲ್ಲಿ ಬಣ್ಣಗಳನ್ನೆಲ್ಲ ಕಲಸಿದರೆ ರಾಡಿಯಾಗುತ್ತದೆ. ಬೆಳಕುಗಳು ಸೇರಿದರೆ ಹೊಳಪು ಕೂಡುತ್ತದೆ, ಬಣ್ಣದ ಪುಡಿಗಳು ಸೇರಿದರೆ ಒಂದೊಂದೂ ಅಷ್ಟಷ್ಟು ಬೆಳಕನ್ನು ನುಂಗುತ್ತದೆ. ಆದ್ದರಿಂದ ಒಂದು ಸಲಕ್ಕೆ ಎರಡು, ಹೆಚ್ಚೆಂದರೆ ಮೂರು ಬಣ್ಣ.

ನಾಲ್ಕನೆಯ ವಾರ ಹೊರಗೆ ಬನ್ನಿ. ಮಸ್ಕಿಯ ಗುಡ್ಡ ಬೆಳಿಗ್ಗೆ ಒಂದು ಬಣ್ಣ, ಸಂಜೆ ಇನ್ನೊಂದು. ಸಿಂಧನೂರು ಕಡೆಯ ಭತ್ತದ ಗದ್ದೆಯಲ್ಲಿ ನಾಟಿಯ ಹಸಿರು ಬೇರೆ, ಹೊಡೆ ಹಾಯುವಾಗಿನ ಹಸಿರು ಬೇರೆ. ಬಿಸಿಲಿನ ನೆರಳನ್ನು ಗಮನವಿಟ್ಟು ನೋಡಿದರೆ ಅದು ಕಪ್ಪಲ್ಲ, ತುಸು ನೀಲಿ. ಸೂರ್ಯನ ನೇರ ಬೆಳಕು ಬೀಳದ ಜಾಗವನ್ನು ಬೆಳಗುವುದು ನೀಲಿ ಆಕಾಶ.

ಹೊಸಬರು ಸಾಮಾನ್ಯವಾಗಿ ಕ್ಯಾಲೆಂಡರಿನ ದೇವರನ್ನು ನಕಲು ಮಾಡಲು ಹೋಗಿ, ಮೂಗು ಸೊಟ್ಟಗಾಗಿ, ಅಲ್ಲಿಗೇ ಕೈಬಿಡುತ್ತಾರೆ. ಅಂಥ ಚಿತ್ರಗಳಿಂದ ಹೆಸರಾದ ಕಲಬುರಗಿಯ ಎಸ್.ಎಂ. ಪಂಡಿತರಂಥವರ ಹಿಂದೆ ವರ್ಷಗಳ ಶಿಸ್ತಿನ ಕಲಿಕೆಯಿತ್ತು. ಅವರೊಡನೆ ಪೈಪೋಟಿ ನಮಗೇಕೆ? ಹಾಡ್ತಾ ಹಾಡ್ತಾ ರಾಗ ಎಂದಿದ್ದಾರೆ ಹಿರಿಯರು. ಕೆಟ್ಟ ಚಿತ್ರವನ್ನು ಹರಿದೆಸೆಯದೆ ಹಿಂದೆ ತಾರೀಖು ಬರೆದಿಡಿ. ಆರು ತಿಂಗಳ ನಂತರ ಅದನ್ನೂ ಹೊಸದನ್ನೂ ಪಕ್ಕಪಕ್ಕದಲ್ಲಿಟ್ಟರೆ ಬೇರೆಯವರ ಪ್ರಮಾಣಪತ್ರ ಬೇಕಾಗುವುದಿಲ್ಲ.

ಇನ್ನೊಂದು ಲಾಭವಿದೆ. ಮನೆಯಲ್ಲಿ ಅಜ್ಜನೋ ಅಜ್ಜಿಯೋ ಕುಂಚ ಹಿಡಿದು ಕುಳಿತರೆ ಮೊಮ್ಮಗು ತಾನಾಗಿ ಪಕ್ಕಕ್ಕೆ ಬರುತ್ತದೆ. ಅದಕ್ಕೂ ಒಂದು ಹಾಳೆ ಕೊಡಿ, ತಿದ್ದಲು ಹೋಗಬೇಡಿ. ಆ ಕೈಯಾದರೂ ಐದನೆಯ ತರಗತಿಗೆ ನಿಲ್ಲದಿರಲಿ.