ಘಟ್ಟದ ದಾರಿಯಲ್ಲಿ ಸ್ಟಿಯರಿಂಗ್ ನಿಮ್ಮ ಕೈಲಿರಲಿ

ಡ್ರೈವಿಂಗ್ ಕಲಿತಿದ್ದೀರಿ, ಲೈಸೆನ್ಸೂ ಇದೆ. ಮಕ್ಕಳನ್ನು ಟ್ಯೂಷನ್‌ಗೆ ಬಿಡೋದು, ತರಕಾರಿ ತರೋದು ಎಲ್ಲಾ ನೀವೇ. ಆದರೆ ಕಾರು ಊರು ದಾಟುತ್ತೆ ಅಂದ ಕೂಡಲೇ ಕೀಲಿ ಯಾರ ಕೈಗೆ ಹೋಗುತ್ತೆ? ಯಜಮಾನರ ಕೈಗೆ! ನೀವು ಪಕ್ಕದ ಸೀಟಿನಲ್ಲಿ ಚಕ್ಕುಲಿ ಡಬ್ಬಿ ಹಿಡಿದು ಕೂರುತ್ತೀರಿ. ನಾನೂ ಹಾಗೇ ಇದ್ದೆ.

ದಾಂಡೇಲಿ ಹತ್ತಿರದ ಕೋಗಿಲಬನದಲ್ಲಿ ನನ್ನ ನಾದಿನಿ ಮನೆ. ಧಾರವಾಡದಿಂದ ಹಳಿಯಾಳ ದಾಟಿದರೆ ಕಾಡು, ತಿರುವು. "ಅಲ್ಲಿ ನೀ ಬ್ಯಾಡ" ಅನ್ನುತ್ತಿದ್ದರು ನಮ್ಮವರು. ಒಂದು ಮಳೆಗಾಲ ಅವರ ಕೈ ಉಳುಕಿತ್ತು, ಹೋಗಲೇಬೇಕಿತ್ತು. ನಾನೇ ಕೂತೆ.

ಒಂದು ತಿರುವಿಗೆ ಜೋರಾಗಿಯೇ ನುಗ್ಗಿದೆ. ನಡುವೆ ಹೆದರಿ ಬ್ರೇಕ್ ಒತ್ತಿದೆ. ಒದ್ದೆ ಎಲೆಗಳ ಮೇಲೆ ಕಾರು ಜಾರಿ ಎದುರು ಬದಿಗೆ ಹೋಯಿತು. ಪುಣ್ಯಕ್ಕೆ ಎದುರಿಗೆ ಯಾವ ಗಾಡಿಯೂ ಇರಲಿಲ್ಲ. ಬದಿಗೆ ನಿಲ್ಲಿಸಿ, "ಇನ್ನು ನನ್ನಿಂದಾಗಲ್ಲ" ಅಂದೆ. ಹಿಂದಿನ ಸೀಟಿನಿಂದ ಅತ್ತೆ ಹೇಳಿದರು: "ಈಗ ಬಿಟ್ಟರ ಮತ್ತ ಯಾವತ್ತೂ ಹಿಡಿಯಂಗಿಲ್ಲ ನೀ. ಸಾವಕಾಶ ಹೊಡಿಯವಾ, ನಮಗೇನ್ ಗಡಿಬಿಡಿ ಐತಿ?" ನಮ್ಮವರು ಬೈಯಲಿಲ್ಲ. "ಬ್ರೇಕ್ ತಿರುವಿನೊಳಗ ಅಲ್ಲ, ಅದಕ್ಕಿಂತ ಮೊದಲ ಹಾಕಬೇಕು" ಅಂದರು ಅಷ್ಟೇ.

ಗೆಳತಿಯರೇ, ಘಟ್ಟದ ಡ್ರೈವಿಂಗಿನ ಗುಟ್ಟೆಲ್ಲ ಆ ಒಂದು ಮಾತಿನಲ್ಲಿದೆ. ದಾರಿ ನೇರ ಇರುವಾಗಲೇ ವೇಗ ಇಳಿಸಿ, ಗೇರ್ ಬದಲಿಸಿ. ತಿರುಗುವಾಗ ನಿಮ್ಮ ಎಡಬದಿ ಬಿಡಬೇಡಿ. ಕಣ್ಣು ಬಾನೆಟ್ ಮೇಲಲ್ಲ, ದಾರಿ ಎಲ್ಲಿ ತೆರೆದುಕೊಳ್ಳುತ್ತೋ ಅಲ್ಲಿರಲಿ. ಮುಂದಿನದು ಕಂಡ ಮೇಲೆ ಮೆಲ್ಲಗೆ ಆಕ್ಸಿಲರೇಟರ್ ಒತ್ತಿ. ನಾಲ್ಕು ತಿರುವು ಹೀಗೆ ದಾಟಿ ನೋಡಿ, ಕೈಕಾಲಿಗೆ ಒಂದು ತಾಳ ಸಿಗುತ್ತೆ. ಕಾರು ನೀವು ಹೇಳಿದಂತೆ ಕೇಳುತ್ತೆ. ಆ ಖುಷಿಗೆ ಸ್ಪೀಡೇ ಬೇಕಿಲ್ಲ!

ಈಗ ನಾನು ಕೋಗಿಲಬನಕ್ಕೇ ನಿಲ್ಲಲ್ಲ. ಗಣೇಶಗುಡಿ, ಜೋಯಿಡಾ ದಾಟಿ ಅಣಶಿ ಘಟ್ಟ ಇಳಿದು ಕದ್ರಾವರೆಗೂ ಹೋಗಿ ಬಂದಿದ್ದೇನೆ. ನೀವೂ ಹೊರಡುವ ಮುನ್ನ ಇಷ್ಟು ನೆನಪಿಡಿ:

* ಇಳಿಜಾರಿನಲ್ಲಿ ನ್ಯೂಟ್ರಲ್ ಬೇಡವೇ ಬೇಡ. ಹತ್ತಲು ಯಾವ ಗೇರ್ ಬೇಕೋ ಇಳಿಯಲೂ ಅದೇ. ಇಂಜಿನ್ನೇ ಕಾರನ್ನು ತಡೆದು ಹಿಡಿಯುತ್ತೆ. ಬರೀ ಬ್ರೇಕ್ ಮೇಲೆ ಇಳಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತೆ. ನ್ಯೂಟ್ರಲ್‌ನಲ್ಲಿ ಪೆಟ್ರೋಲ್ ಉಳಿಯುತ್ತೆ ಅನ್ನೋದೂ ಸುಳ್ಳು. ಈಗಿನ ಕಾರುಗಳಲ್ಲಿ ಗೇರಿನಲ್ಲಿಟ್ಟು ಆಕ್ಸಿಲರೇಟರ್ ಬಿಟ್ಟರೆ ಇಂಧನ ತಾನೇ ನಿಲ್ಲುತ್ತೆ.

* ಕಿರಿದಾದ ದಾರಿಯಲ್ಲಿ ಹತ್ತಿ ಬರುವ ಗಾಡಿಗೆ ಮೊದಲು ದಾರಿ ಬಿಡಿ. 2017ರ ವಾಹನ ಚಾಲನಾ ನಿಯಮವೂ ಇದನ್ನೇ ಹೇಳುತ್ತೆ.

* ಎದುರು ಕಾಣದ ತಿರುವಿನಲ್ಲಿ ಒಮ್ಮೆ ಹಾರ್ನ್ ಮಾಡಿ. ಅಲ್ಲಿ ಓವರ್‌ಟೇಕ್ ಮಾಡಲೇಬೇಡಿ. ಹಿಂದಿನವರಿಗೆ ಅವಸರವಿದ್ದರೆ ಬದಿಗೆ ಸರಿದು ಅವರನ್ನು ಬಿಡಿ, ಅದರಲ್ಲೇನೂ ಸೋಲಿಲ್ಲ.

* ಅಣಶಿ ಕಡೆಯದು ಹುಲಿ ಸಂರಕ್ಷಿತ ಕಾಡು, 2015ರಿಂದ ಕಾಳಿ ನದಿಯ ಹೆಸರಿದೆ. ಪ್ರಾಣಿಗಳು ಯಾವಾಗ ಬೇಕಾದರೂ ಅಡ್ಡ ಬರಬಹುದು. ಕೋತಿಗಳಿಗೆ ತಿಂಡಿ ಎಸೆಯಬೇಡಿ. ಸಂಜೆಗತ್ತಲಾಗುವ ಮೊದಲೇ ಕಾಡು ದಾಟಿ.

* ಹೊರಡುವಾಗ ಟೈರ್, ಬ್ರೇಕ್, ವೈಪರ್ ನೋಡಿಸಿ. ಮಕ್ಕಳಿಗೆ ಹೊಟ್ಟೆ ತುಂಬಾ ತಿನ್ನಿಸಬೇಡಿ, ಮೊಬೈಲ್ ಬದಲು ದೂರದ ಗುಡ್ಡ ನೋಡಲು ಹೇಳಿ. ವಾಂತಿ ಕಾಟ ಕಡಿಮೆಯಾಗುತ್ತೆ.

ಮೊದಲ ಸಲ ಒಣ ಹವೆಯಲ್ಲಿ, ಬೆಳಗಿನ ಹೊತ್ತು, ಪರಿಚಯದ ದಾರಿಯಲ್ಲೇ ಹೋಗಿ. ಭಯವಾದರೆ ನಿಲ್ಲಿಸಿ, ನೀರು ಕುಡಿದು ಮತ್ತೆ ಹೊರಡಿ. ಕೀಲಿ ಮಾತ್ರ ವಾಪಸ್ ಕೊಡಬೇಡಿ.

ನಮ್ಮ ಕಾರಿನಲ್ಲಿ ಈಗ ಚಕ್ಕುಲಿ ಡಬ್ಬಿ ಯಾರ ಮಡಿಲಲ್ಲಿದೆ ಅಂತ ಬೇರೆ ಹೇಳಬೇಕಾ?