ಠಾಣೆಯ ಕಳವಾದಲ್ಲಿದ್ದು ಕಾನೂನು ಓದುವವರು ಯಾವ ಶಾಖೆ ಹಿಡಿಯಬೇಕು?

ಡಿಗ್ರಿಯ ಕೊನೆಯ ವರ್ಷದಲ್ಲಿರುವ ಮಕ್ಕಳೂ ಅವರ ತಂದೆತಾಯಿಯೂ ಮೊದಲು ಕೇಳುವುದು, "ಸೈಬರ್ ಲಾ ಒಳ್ಳೆಯದೋ, ಕಾರ್ಪೊರೇಟ್ ಲಾ ಒಳ್ಳೆಯದೋ?" ಎಂದು. ಎಲ್‌ಎಲ್‌ಬಿ ಸೇರುವ ಮೊದಲೇ ಈ ಪ್ರಶ್ನೆಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಡಾಕ್ಟರುಗಳಿಗೆ ಇರುವಂತೆ ವಕೀಲರಿಗೆ ಶಾಖೆವಾರು ನೋಂದಣಿ ನಮ್ಮಲ್ಲಿ ಇಲ್ಲ. 1961ರ ವಕೀಲರ ಕಾಯ್ದೆಯಡಿ ಎಲ್ಲರಿಗೂ ಸಿಗುವುದು ಒಂದೇ ಸನದು, ಅಂದರೆ ವಕೀಲಿಯ ಪರವಾನಗಿ. ಪರಿಣತಿ ಬರುವುದು ಸೇರಿಕೊಂಡ ಸೀನಿಯರ್ ಆಫೀಸಿನಿಂದ, ಮೊದಲ ಕೆಲವು ವರ್ಷ ಕೈಗೆ ಬಂದ ಫೈಲುಗಳಿಂದ. ಎಲ್‌ಎಲ್‌ಎಂ ಅದಕ್ಕೆ ಆಮೇಲಿನ ಬಲ. ಹಾಗಾಗಿ ಶಾಖೆಯ ಹೆಸರಿಗೆ ಮರುಳಾಗದೆ, ಮನೆಯಿಂದ ದಿನಾ ಹೋಗಿಬರುವ ದೂರದಲ್ಲಿ ಯಾವ ಜಗಳಗಳು ಕೋರ್ಟಿನ ಕಟ್ಟೆ ಹತ್ತುತ್ತಿವೆ ಎಂದು ನೋಡಿ ಆರಿಸಿಕೊಳ್ಳಿ.

ಹಾಗೆ ನೋಡಿದರೆ ಕಳವಾದಿಂದ ಕಲ್ಯಾಣದವರೆಗೆ ನಾನು ಮೊದಲ ಸ್ಥಾನ ಕೊಡುವುದು ಮನೆ, ಜಾಗ ಮತ್ತು ಸೊಸೈಟಿಯ ಕಾನೂನಿಗೆ. ಕಟ್ಟಡ ಹಳತಾಗಿದೆ, ರೀಡೆವಲಪ್‌ಮೆಂಟ್ ಆಗಬೇಕು. ಆದರೆ ಕೆಳಗಿನ ಜಾಗ ಇನ್ನೂ ಬಿಲ್ಡರನ ಅಥವಾ ಮೂಲ ಜಮೀನುದಾರನ ಹೆಸರಿನಲ್ಲೇ ಇದೆ. ಆಗ 1963ರ ಮಹಾರಾಷ್ಟ್ರ ಫ್ಲ್ಯಾಟ್ ಮಾಲಿಕತ್ವ (ಮೋಫಾ) ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಜಿಲ್ಲಾ ಉಪನಿಬಂಧಕರ ಮುಂದೆ ಜಾಗವನ್ನು ಸೊಸೈಟಿಯ ಹೆಸರಿಗೆ ಮಾಡಿಸುವ ಡೀಮ್ಡ್ ಕನ್ವೆಯನ್ಸ್‌ಗೆ ಅರ್ಜಿ ಹಾಕಬೇಕು. ಸದಸ್ಯರಿಗೂ ಕಮಿಟಿಗೂ ಬಿದ್ದ ಜಗಳ 1960ರ ಸಹಕಾರ ಸಂಘಗಳ ಕಾಯ್ದೆಯ 91ನೇ ಸೆಕ್ಷನ್ ಹಿಡಿದು ಸಹಕಾರಿ ನ್ಯಾಯಾಲಯಕ್ಕೆ ಹೋಗುತ್ತದೆ. ಬಿಲ್ಡರ್ ಫ್ಲ್ಯಾಟ್ ಕೊಡುವುದು ತಡವಾದರೆ ರಿಯಲ್ ಎಸ್ಟೇಟ್ ಪ್ರಾಧಿಕಾರವಾದ ಮಹಾರೇರಾ. ರೇರಾದಲ್ಲಿ ಚಾರ್ಟರ್ಡ್ ಅಕೌಂಟೆಂಟ್, ಕಂಪನಿ ಸೆಕ್ರೆಟರಿಗಳೂ ಕಕ್ಷಿದಾರರ ಪರವಾಗಿ ವಾದಿಸಬಹುದು. ಅವರ ನಡುವೆ ವಕೀಲನ ಕೈಹಿಡಿಯುವುದು ಜಾಗದ ಕಾಗದ ಓದುವ ವಿದ್ಯೆ: ಸಾತ್-ಬಾರಾ ಉತಾರಾ (ಇಲ್ಲಿಯ ಪಹಣಿ), ಫೇರ್‌ಫಾರ್ (ಹೆಸರು ಬದಲಾವಣೆಯ ದಾಖಲೆ), ಕಟ್ಟಡದ ಸಿಸಿ (ಕಟ್ಟುವ ಅನುಮತಿ), ಓಸಿ (ವಾಸದ ಅನುಮತಿ).

ಈ ವಿದ್ಯೆಯ ಬೆಲೆ ಎಷ್ಟೆಂದು ಡೊಂಬಿವಲಿಯ 65 ಕಟ್ಟಡಗಳ ಪ್ರಕರಣ ಕಣ್ಣಿಗೆ ಕಟ್ಟುವಂತೆ ತೋರಿಸಿತು. ನಕಲಿ ಪರವಾನಗಿ ತೋರಿಸಿ ರೇರಾ ನೋಂದಣಿ ಪಡೆದಿದ್ದ ಆ ಕಟ್ಟಡಗಳನ್ನು ಕೆಡವಲು ಬಾಂಬೆ ಹೈಕೋರ್ಟ್ 2024ರ ನವೆಂಬರಿನಲ್ಲಿ ಆದೇಶಿಸಿತು. ಅಲ್ಲಿ ಫ್ಲ್ಯಾಟ್ ಕೊಂಡವರು ನಮ್ಮ ನಿಮ್ಮಂಥ ಸಂಬಳದ ಜನ. ಖರೀದಿಗೆ ಮೊದಲು ಪಾಲಿಕೆಗೇ ಹೋಗಿ ಪರವಾನಗಿ ಅಸಲಿಯೇ ಎಂದು ವಿಚಾರಿಸಿ ಹೇಳುವ ವಕೀಲರು ಇಲ್ಲಿ ಇನ್ನೂ ಎಷ್ಟೋ ಜನ ಬೇಕು.

ಕನ್ನಡಿಗರಿಗೆ ಇದರಲ್ಲೇ ಇನ್ನೊಂದು ಅನುಕೂಲವಿದೆ. ಠಾಣೆಯ ಕೆಳ ನ್ಯಾಯಾಲಯಗಳ ಭಾಷೆ ಮರಾಠಿ. ಇಲ್ಲೇ ಬೆಳೆದ ನಮ್ಮ ಮಕ್ಕಳಿಗೆ ಮರಾಠಿ ಬರುತ್ತದೆ, ಮನೆಯಲ್ಲಿ ಕನ್ನಡವೋ ತುಳುವೋ ಇದೆ. ಉಡುಪಿ, ದಕ್ಷಿಣ ಕನ್ನಡದಲ್ಲಿ ಪಾಲಾಗದ ಆಸ್ತಿ ಇಟ್ಟುಕೊಂಡು ಇಲ್ಲಿ ಬದುಕುವ ಕುಟುಂಬಗಳು ಬಹಳ. ಅಳಿಯಸಂತಾನದ ಹಳೆಯ ಪಾಲುಪಟ್ಟಿ, ಊರಿನ ಪಹಣಿ, ಇಲ್ಲಿಯ ವಿಲ್ ಎಲ್ಲವನ್ನೂ ಒಬ್ಬನೇ ಓದಬಲ್ಲ ವಕೀಲ ಸಿಗುವುದು ಅಪರೂಪ. ಸ್ಥಿರಾಸ್ತಿಯ ದಾವೆ ಆಸ್ತಿ ಇರುವ ಊರಿನಲ್ಲೇ ಹೂಡಬೇಕು ನಿಜ. ಕಾಗದ ಜೋಡಿಸಿ, ಅಲ್ಲಿಯ ವಕೀಲರೊಂದಿಗೆ ಕೂಡಿ ಕೆಲಸ ಮಾಡುವುದೇ ಇಲ್ಲಿನ ವೃತ್ತಿ.

ಅಪಘಾತ ಪರಿಹಾರವನ್ನು ಸಣ್ಣ ಕೆಲಸವೆಂದು ಕಾಣುವವರಿದ್ದಾರೆ, ನನಗೆ ಹಾಗನ್ನಿಸುವುದಿಲ್ಲ. 2025ರ ಜೂನ್ 9ರಂದು ಪಕ್ಕದ ಮುಂಬ್ರಾದಲ್ಲಿ ಕಿಕ್ಕಿರಿದ ಲೋಕಲಿನಿಂದ ಬಿದ್ದು ಪ್ರಯಾಣಿಕರು ಸತ್ತರು. ಇಂಥ ಸಾವಿಗೆ ರೈಲ್ವೆ ಕಾಯ್ದೆಯ 124ಎ ಸೆಕ್ಷನ್ ಅನ್ವಯವಾಗುತ್ತದೆ. ರೈಲ್ವೆಯ ತಪ್ಪನ್ನು ಸಾಬೀತು ಮಾಡಬೇಕಾಗಿಲ್ಲ. ಪರಿಹಾರ 8 ಲಕ್ಷ ರೂಪಾಯಿ, ಅರ್ಜಿಗೆ ಅವಧಿ ಒಂದು ವರ್ಷ. ಸತ್ತವರ ಬಳಿ ಟಿಕೆಟ್ ಅಥವಾ ಪಾಸ್ ಇತ್ತೇ ಎಂಬಲ್ಲೇ ಹೋರಾಟ. ಮನೆಯವರಿಗೆ ಇದ್ಯಾವುದೂ ಗೊತ್ತಿರುವುದಿಲ್ಲ.

ಠಾಣೆ-ಬೇಲಾಪುರ ರಸ್ತೆಯ ಕಾರ್ಖಾನೆಗಳು, ಡೊಂಬಿವಲಿಯ ಎಂಐಡಿಸಿ ಇರುವುದರಿಂದ ಕಾರ್ಮಿಕ ಕಾನೂನಿಗೂ ಇಲ್ಲಿ ನೆಲೆಯಿದೆ. 29 ಹಳೆಯ ಕಾಯ್ದೆಗಳ ಜಾಗಕ್ಕೆ ನಾಲ್ಕು ಸಂಹಿತೆಗಳು 2025ರ ನವೆಂಬರ್ 21ರಿಂದ ಬಂದಿವೆ. ಹೊಸ ಕ್ರಿಮಿನಲ್ ಕಾಯ್ದೆಗಳು 2024ರ ಜುಲೈ 1ರಿಂದ ಜಾರಿಯಲ್ಲಿವೆ. ಎರಡರಲ್ಲೂ ಹಿರಿಯರು ಹೊಸದಾಗಿ ಓದಬೇಕಾಗಿದೆ, ಕಿರಿಯರಿಗೆ ಇದು ಒಳ್ಳೆಯ ಸಮಯ.

ಕಾಮರ್ಸ್ ಓದಿದವರು ದಿವಾಳಿ, ಸಾಲ ವಸೂಲಿ, ತೆರಿಗೆಯ ಕಡೆ ನೋಡಬಹುದು: ವಾಶಿಯಲ್ಲಿ ಸಾಲ ವಸೂಲಾತಿ ನ್ಯಾಯಮಂಡಳಿ ಇದೆ, ನ್ಹಾವಾ ಶೇವಾದಲ್ಲಿ ಕಸ್ಟಮ್ಸ್. ವಿಜ್ಞಾನ, ಎಂಜಿನಿಯರಿಂಗ್ ಪದವೀಧರರಿಗೆ ಪೇಟೆಂಟ್ ಏಜೆಂಟ್ ಪರೀಕ್ಷೆ ತೆರೆದಿದೆ, ಅದಕ್ಕೆ ಕಾನೂನು ಪದವಿಯೂ ಬೇಡ. ಐರೋಲಿಯ ಐಟಿ ಕಂಪನಿಗಳಲ್ಲಿ ಕರಾರು ಬರೆಯುವ, ದತ್ತಾಂಶ ರಕ್ಷಣೆ ನೋಡಿಕೊಳ್ಳುವ ಕೆಲಸಗಳಿವೆ. ಅಲ್ಲಿ ತಿಂಗಳ ಸಂಬಳ ಬರುತ್ತದೆ. ಕೋರ್ಟಿನ ಜೂನಿಯರಿಗೆ ಮೊದಲ ವರ್ಷಗಳಲ್ಲಿ ಸಿಗುವುದು ಕಡಿಮೆ. ಮನೆಯವರು ಇದನ್ನು ಲೆಕ್ಕಹಾಕಿಯೇ ನಿರ್ಧರಿಸಬೇಕು.

ಕಾನೂನು ಕಾಲೇಜು ಸೇರುವುದು ಎಂಎಚ್-ಸಿಇಟಿ ಲಾ ಪರೀಕ್ಷೆಯ ಮೂಲಕ. ಮೂರು ವರ್ಷದ ಎಲ್‌ಎಲ್‌ಬಿಗೆ ಸಾಮಾನ್ಯ ವರ್ಗದವರಿಗೆ ಪದವಿಯಲ್ಲಿ ಶೇ. 45 ಅಂಕ ಬೇಕು. ಕಳವಾದವರಿಗೆ ಹತ್ತಿರದ್ದು ಠಾಣೆಯ ಟಿಎಂಸಿ ಲಾ ಕಾಲೇಜು. ಅಂಕ ಚೆನ್ನಾಗಿ ಬಂದರೆ 1855ರಷ್ಟು ಹಳೆಯದಾದ ಚರ್ಚ್‌ಗೇಟ್‌ನ ಸರಕಾರಿ ಲಾ ಕಾಲೇಜು. ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದ ಹಿರಿಯರು ಮುಂಬಯಿ ಕನ್ನಡಿಗರಲ್ಲಿ ಅನೇಕರು. ಆದರೆ ಕಾನೂನಿಗೆ ಈಗ ರಾತ್ರಿ ತರಗತಿಯಿಲ್ಲ, ಶೇ. 70 ಹಾಜರಾತಿಯ ನಿಯಮವಿದೆ, ಅಂಚೆ ಶಿಕ್ಷಣದ ಎಲ್‌ಎಲ್‌ಬಿಗೆ ಸನದು ಸಿಗುವುದಿಲ್ಲ. ಸನದಿನ ನೋಂದಣಿ ಶುಲ್ಕವನ್ನು ಸುಪ್ರೀಂ ಕೋರ್ಟ್ 2024ರಲ್ಲಿ 750 ರೂಪಾಯಿಗೆ ಮಿತಗೊಳಿಸಿತು, ಪರಿಶಿಷ್ಟರಿಗೆ 125. ಆಮೇಲೆ ಅಖಿಲ ಭಾರತ ಬಾರ್ ಪರೀಕ್ಷೆ (ಎಐಬಿಇ) ಪಾಸಾಗಬೇಕು.

ನ್ಯಾಯಾಧೀಶರಾಗುವ ಆಸೆಯುಳ್ಳವರಿಗೆ ಸುಪ್ರೀಂ ಕೋರ್ಟಿನ 2025ರ ಮೇ 20ರ ತೀರ್ಪು ಮುಖ್ಯ. ಕೆಳ ಹಂತದ ಸಿವಿಲ್ ಜಡ್ಜ್ ಪರೀಕ್ಷೆಗೆ ಮೂರು ವರ್ಷದ ವಕೀಲಿ ಮತ್ತೆ ಕಡ್ಡಾಯ. ಕನಿಷ್ಠ 10 ವರ್ಷ ಅನುಭವದ ವಕೀಲರ ಪ್ರಮಾಣಪತ್ರ ಬೇಕು, ಅದಕ್ಕೆ ನ್ಯಾಯಾಧಿಕಾರಿಯ ಸಹಿಯೂ ಬೀಳಬೇಕು. ಆದ್ದರಿಂದ ಸೀನಿಯರನ್ನು ಹುಡುಕುವಾಗಲೇ ಅವರ ಅನುಭವ ಎಷ್ಟು ವರ್ಷದ್ದೆಂದು ಕೇಳಿಕೊಳ್ಳಿ, ಹಾಜರಾದ ಕೇಸುಗಳ ನಂಬರು, ತಾರೀಖನ್ನು ಮೊದಲ ದಿನದಿಂದಲೇ ಬರೆದಿಡಿ.