ಹನಿನೀರಿನ ಪ್ರಜೆಗಳು

ಕೆರೆಯಂಚಿನ ನೀರಿನ ಹನಿಯೊಂದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರೆ ಅಲ್ಲಿ ಸಂತೆಯೇ ನೆರೆದಿರುವುದನ್ನು ಕಾಣುತ್ತೇವೆ. ಚಪ್ಪಲಿಯಾಕಾರದ ಪ್ಯಾರಮೀಸಿಯಂ ಮೈಮೇಲಣ ರೋಮಗಳನ್ನು ಬಡಿಯುತ್ತ ಓಡಾಡುತ್ತದೆ; ಅಮೀಬ ತನ್ನ ಮೈಯನ್ನೇ ಕಾಲಾಗಿ ಚಾಚಿ ತೆವಳುತ್ತದೆ. ಹಾಲೆಂಡಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್ 1674ರಲ್ಲಿ ತಾನೇ ತಯಾರಿಸಿದ ಮಸೂರದ ಮೂಲಕ ಇಂಥ ಜೀವಿಗಳನ್ನು ಸರೋವರದ ನೀರಿನಲ್ಲಿ ಕಂಡನು. ಉಣ್ಣುವುದು, ಉಸಿರಾಡುವುದು, ಸಂತಾನ ಪಡೆಯುವುದು ಎಲ್ಲವನ್ನೂ ಒಂದೇ ಜೀವಕೋಶದಲ್ಲಿ ನಡೆಸುವ ಇವುಗಳಿಗೆ ಪ್ರೋಟೋಜೋವ, ಎಂದರೆ ಆದಿಜೀವಿಗಳು, ಎಂದು ಹೆಸರು. (ಇವೆಲ್ಲ ಒಂದೇ ವಂಶದವಲ್ಲವೆಂದು ಇಂದಿನ ವಿದ್ವಾಂಸರ ಮತ; ಹಳೆಯ ಹೆಸರು ಮಾತ್ರ ಬಳಕೆಯಲ್ಲಿ ಉಳಿದಿದೆ.)

ಇವುಗಳಿಗೆ ದೊರೆತ ಕೀರ್ತಿ ಬಹುಮಟ್ಟಿಗೆ ಅಪಕೀರ್ತಿಯೇ. ಮಲೇರಿಯದ ಪ್ಲಾಸ್ಮೋಡಿಯಂ, ಆಮಶಂಕೆಯ ಅಮೀಬ, ಕೋಳಿಮರಿಗಳಿಗೆ ರಕ್ತಭೇದಿ ತರುವ ಐಮೀರಿಯ, ಕುದುರೆ ಒಂಟೆಗಳನ್ನು ಸರ್ರಾ ರೋಗದಿಂದ ಸೊರಗಿಸುವ ಟ್ರಿಪನೋಸೋಮ, ಇವುಗಳಿಂದಾದ ನಷ್ಟ ಅಪಾರ. ಆದರೆ ಕೆಲವು ದುಷ್ಟರಿಗಾಗಿ ಇಡೀ ಕುಲವನ್ನೇ ದೂಷಿಸುವುದು ನ್ಯಾಯವಲ್ಲ.

ಪಟ್ಟಣದ ಕೊಳಚೆಯ ವಿಚಾರವನ್ನೇ ನೋಡೋಣ. 1914ರಲ್ಲಿ ಮ್ಯಾಂಚೆಸ್ಟರಿನ ಆರ್ಡರ್ನ್ ಮತ್ತು ಲಾಕೆಟ್ ಎಂಬವರು, ಕೊಳಚೆನೀರಿಗೆ ಗಾಳಿಯೂದಿ, ತಳಕ್ಕಿಳಿದ ಕೆಸರನ್ನು ಚೆಲ್ಲದೆ ಹೊಸ ಕೊಳಚೆಗೆ ಮತ್ತೆ ಮತ್ತೆ ಬೆರೆಸಿದರೆ ನೀರು ಬೇಗ ಶುದ್ಧವಾಗುತ್ತದೆಂದು ತೋರಿಸಿದರು. ಇಂದಿಗೂ ಅನೇಕ ನಗರಗಳು ಈ ವಿಧಾನವನ್ನೇ ನೆಚ್ಚಿವೆ. ಹೊಲಸನ್ನು ತಿಂದು ಕರಗಿಸುವುದು ಮುಖ್ಯವಾಗಿ ಬ್ಯಾಕ್ಟೀರಿಯಗಳ ಕೆಲಸ. ಆದರೆ ಆ ಬ್ಯಾಕ್ಟೀರಿಯಗಳೇ ನೀರಿನಲ್ಲಿ ತೇಲುತ್ತ ಉಳಿದರೆ ನೀರು ತಿಳಿಯಾಗುವ ಬಗೆ ಹೇಗೆ? ಇಲ್ಲಿ ವೋರ್ಟಿಸೆಲ್ಲ ಮೊದಲಾದ ಆದಿಜೀವಿಗಳು ಕೆಲಸಕ್ಕಿಳಿಯುತ್ತವೆ. ಪುಟ್ಟ ಗಂಟೆಯನ್ನು ತಲೆಕೆಳಗಾಗಿ ತೊಟ್ಟಿನ ಮೇಲೆ ನಿಲ್ಲಿಸಿದಂತೆ ಇದರ ರೂಪ; ತೊಟ್ಟಿನ ಬುಡ ಕೆಸರಿನ ಉಂಡೆಗೆ ಅಂಟಿಕೊಂಡಿರುತ್ತದೆ. ಬಾಯಿಯ ಸುತ್ತಣ ರೋಮಗಳು ನೀರಿನಲ್ಲಿ ಸುಳಿಯೆಬ್ಬಿಸಿ, ತೇಲುವ ಬ್ಯಾಕ್ಟೀರಿಯಗಳನ್ನು ಒಳಕ್ಕೆ ಸೆಳೆದುಕೊಳ್ಳುತ್ತವೆ. 1968ರಲ್ಲಿ ಕರ್ಡ್ಸ್ ಮತ್ತು ಸಂಗಡಿಗರು ಪ್ರಯೋಗದ ತೊಟ್ಟಿಗಳಲ್ಲಿ ಇದನ್ನು ಪರೀಕ್ಷಿಸಿದರು. ರೋಮವುಳ್ಳ ಆದಿಜೀವಿಗಳಿಲ್ಲದ ತೊಟ್ಟಿಯಿಂದ ಮಬ್ಬುನೀರು ಹೊರಬಂದಿತು. ಅವನ್ನು ಸೇರಿಸಿದ ಮೇಲೆ ನೀರು ತಿಳಿಯಾಯಿತು. ಆದುದರಿಂದಲೇ ಶುದ್ಧೀಕರಣ ಕೇಂದ್ರಗಳಲ್ಲಿ ಕೆಸರಿನ ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ವಾಡಿಕೆಯುಂಟು. ತೊಟ್ಟುಳ್ಳ ಗಂಟೆಗಳು ಹೇರಳವಾಗಿದ್ದರೆ ಕೆಲಸ ಸುಸೂತ್ರ. ಅವು ಹಠಾತ್ತನೆ ಮರೆಯಾದರೆ ಗಾಳಿ ಸಾಲದೆಂದೋ, ಯಾವುದೋ ಕಾರ್ಖಾನೆಯ ವಿಷ ಚರಂಡಿಗೆ ಬಿದ್ದಿದೆಯೆಂದೋ ಸಂಶಯಪಡಬೇಕು. ಬೆಲೆಬಾಳುವ ಉಪಕರಣಗಳಿಗಿಂತ ಮೊದಲೇ ಈ ಜೀವಿಗಳು ಎಚ್ಚರಿಕೆ ಕೊಡುವುದುಂಟು.

ಹಸುವಿನ ಮೊದಲನೆಯ ಹೊಟ್ಟೆಯಲ್ಲಿಯೂ ಇವುಗಳ ಬೀಡಿದೆ. ಅಲ್ಲಿಯ ರಸದ ಒಂದೊಂದು ಮಿಲಿಲೀಟರಿನಲ್ಲಿ ಲಕ್ಷಗಟ್ಟಲೆ ಇರಬಲ್ಲವು. ಹುಲ್ಲಿನ ನಾರನ್ನು ಜೀರ್ಣಿಸಲು ಇವು ನೆರವಾಗುತ್ತವೆ. ಆದರೆ ಹಸುವಿಗೆ ಸಸಾರಜನಕ ಒದಗಿಸಬೇಕಾದ ಬ್ಯಾಕ್ಟೀರಿಯಗಳನ್ನೂ ನುಂಗುತ್ತವೆ, ಮೀಥೇನ್ ಅನಿಲದ ಉತ್ಪತ್ತಿಗೂ ಇಂಬುಕೊಡುತ್ತವೆ. ಇವಿಲ್ಲದೆಯೂ ಹಸು ಬದುಕಬಲ್ಲದು. ಇವು ನೆಂಟರೋ, ಬಾಡಿಗೆ ಕೊಡದ ಬಿಡಾರದವರೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಇನ್ನು ಕಡಲಿನ ಫೋರಾಮಿನಿಫೆರಗಳು ಸತ್ತಮೇಲೂ ಉಪಯೋಗಕ್ಕೆ ಬರುತ್ತವೆ. ಇವುಗಳಲ್ಲಿ ಹಲವು ಸುಣ್ಣದ ಚಿಪ್ಪು ಕಟ್ಟುತ್ತವೆ. ಆ ಚಿಪ್ಪುಗಳು ತಳದಲ್ಲಿ ಶೇಖರವಾಗಿ ಕಲ್ಲಾಗುತ್ತವೆ. ಗೀಜಾದ ಪಿರಮಿಡ್ಡುಗಳ ಸುಣ್ಣಕಲ್ಲಿನಲ್ಲಿ ನಾಣ್ಯದಂಥ ಇಂಥ ಚಿಪ್ಪುಗಳು ತುಂಬಿವೆ. ಅವು ಕೆಲಸಗಾರರು ಉಂಡು ಬಿಟ್ಟ ಬೇಳೆ ಕಲ್ಲಾದುದೆಂದು ಜನ ಹೇಳುತ್ತಿದ್ದರೆಂದು ಗ್ರೀಕ್ ಭೂಗೋಳಜ್ಞ ಸ್ಟ್ರಾಬೋ ಬರೆದಿದ್ದಾನೆ. ಒಂದೊಂದು ಯುಗದ ಚಿಪ್ಪಿಗೆ ಒಂದೊಂದು ರೂಪವಿರುವುದರಿಂದ, ಎಣ್ಣೆಬಾವಿ ತೋಡುವವರು ಕೊರೆದು ತೆಗೆದ ಬಂಡೆಯ ಚೂರಿನಲ್ಲಿ ಇವನ್ನು ಹುಡುಕಿ, ತಾವು ಯಾವ ಕಾಲದ ಪದರಕ್ಕೆ ಇಳಿದಿದ್ದೇವೆಂದು ಲೆಕ್ಕ ಹಾಕುತ್ತಾರೆ.